ಭಾವನ ನಾಡಿ, ಅಕ್ಕನ ಗಡಿಯಾರ

ಸಾಯುವ ವಿಷಯದಲ್ಲಿ ನಮ್ಮ ಭಾವನಷ್ಟು ಅನುಭವಸ್ಥರು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ! ಉಳಿದವರೆಲ್ಲ ಒಂದೇ ಸಲ ಸತ್ತು ಕೈತೊಳೆದುಕೊಂಡವರು. ಇವರು ವಾರಕ್ಕೆರಡು ಸಲವಾದರೂ ಹೊರಟು ನಿಂತು, ಸಂಜೆಯ ಚಹಾದ ಹೊತ್ತಿಗೆ ವಾಪಸ್ಸು ಬರುತ್ತಿದ್ದರು. ಅಕ್ಕನ ಗಂಡ ಅಂತ ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಬೇಕಾದರೆ ಸಿರುಗುಪ್ಪದಲ್ಲಿ ಯಾರನ್ನಾದರೂ ಕೇಳಿ.

ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ಅವರು ಗುಮಾಸ್ತರು. ಆಳು ಗಟ್ಟಿ. ಹಮಾಲರು ಕೈಕೊಟ್ಟ ದಿನ ಭತ್ತದ ಚೀಲವನ್ನು ತಾವೇ ಬೆನ್ನಿಗೇರಿಸಿಕೊಳ್ಳುತ್ತಿದ್ದರು. ಎಲ್ಲ ಕೆಟ್ಟದ್ದು ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ. ಜ್ವರ ಬಂತೆಂದು ಬಳ್ಳಾರಿಗೆ, ನನ್ನ ಮನೆಗೆ, ಬಂದರು. ನಾನೇ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಇವರ ಮಣಿಕಟ್ಟು ಹಿಡಿದು, ತಮ್ಮ ಗಡಿಯಾರ ನೋಡುತ್ತ ನಿಂತು, "ಎಪ್ಪತ್ತೆರಡು. ಭೇಷ್ ಐತಿ" ಅಂದರು. ಆ ಪುಣ್ಯಾತ್ಮರು ಬರೀ ಭೇಷ್ ಅಂದಿದ್ದರೆ ಆಗುತ್ತಿರಲಿಲ್ಲವೇ? ಅಲ್ಲಿಯವರೆಗೆ ಭಾವನಿಗೆ ಎದೆಯೊಂದೇ ಇತ್ತು. ಅಂದಿನಿಂದ ಅದಕ್ಕೊಂದು ಅಂಕಿ ಅಂಟಿಕೊಂಡಿತು. ಅಂಕಿ ಅಂದಮೇಲೆ ಏರಬೇಕು, ಇಳಿಯಬೇಕು, ಮನುಷ್ಯನ ನಿದ್ದೆ ಕೆಡಿಸಬೇಕು!

ಅವತ್ತೇ ಬಜಾರಿಗೆ ಹೋಗಿ ಕೆಂಪು ಸೆಕೆಂಡಿನ ಮುಳ್ಳಿರುವ ಕೈಗಡಿಯಾರ ಕೊಂಡರು. ಹೊತ್ತು ನೋಡುವುದಕ್ಕಲ್ಲ, ಹೊತ್ತು ಹೇಳುವುದಕ್ಕೆ ಗಿರಣಿಯ ಕೂಗು ಇತ್ತು. ಇದು ನಾಡಿ ಎಣಿಸುವುದಕ್ಕೆ. ಎದ್ದ ಕೂಡಲೇ ಒಮ್ಮೆ, ಉಂಡಮೇಲೆ ಒಮ್ಮೆ, ಲೆಕ್ಕದಲ್ಲಿ ತಪ್ಪು ಕಂಡರೆ ಒಮ್ಮೆ. ಅಂಕಿ ಏರಿಸುವುದೆಲ್ಲ ಮನೆಯಿಂದ ಹೊರಬಿತ್ತು. ಮಿರ್ಚಿ ಹೋಯಿತು, ಮೆಟ್ಟಿಲು ಹೋಯಿತು, ಜಗಳ ಹೋಯಿತು. ಜಗಳವಿಲ್ಲದೆ ಗಿರಣಿಯ ಗುಮಾಸ್ತಿಕೆ ಹೇಗೆ ನಡೆದೀತು ಹೇಳಿ? ಬಳ್ಳಾರಿಯಲ್ಲಿ ಒಂದು ತೆಲುಗು ಸಿನಿಮಾಕ್ಕೆ ಕರೆದುಕೊಂಡು ಹೋದರೆ, ಹೊಡೆದಾಟ ಬಂದಾಗಲೆಲ್ಲ ಕಣ್ಣುಮುಚ್ಚಿ ಮಣಿಕಟ್ಟು ಹಿಡಿದು ಕೂತರು. ಪಕ್ಕದಲ್ಲಿದ್ದ ಮುದುಕಿ, ಪಾಪ, ಸಿನಿಮಾ ಬಿಟ್ಟು ಇವರಿಗೇ ಸೆರಗಿನಿಂದ ಗಾಳಿ ಹಾಕಿದಳು. ಕತೆ ಏನಾಯಿತು ಅಂತ ಅವಳಿಗೂ ಗೊತ್ತಾಗಲಿಲ್ಲ, ಇವರಿಗೂ ಗೊತ್ತಾಗಲಿಲ್ಲ.

ಇಂಥವರು ಕೈಗೆ ಸಿಕ್ಕಮೇಲೆ ನಾನು ಬಿಡುತ್ತೇನೆಯೇ? ಕುಚೇಷ್ಟೆಯಲ್ಲಿ ನನಗೆ ಸಮ ಇನ್ನೂ ಹುಟ್ಟಿಲ್ಲ; ಇದನ್ನು ನಾನಲ್ಲ, ನನ್ನ ಕೈಯಲ್ಲಿ ಸಿಕ್ಕವರೇ ಹೇಳುತ್ತಾರೆ. ತಮ್ಮ ನಾಡಿಯನ್ನು ಬೇರೆಯವರ ನಾಡಿಯೊಂದಿಗೆ ತೂಗಿ ನೋಡುವ ಚಟ ಭಾವನಿಗೆ. ಒಂದು ದಿನ ಕಂಕುಳಲ್ಲಿ ನಿಂಬೆಹಣ್ಣು ಅಮುಕಿಕೊಂಡು ಅವರ ಮುಂದೆ ಕೈ ಚಾಚಿದೆ. ಹಾಗೆ ಅಮುಕಿದರೆ ಮಣಿಕಟ್ಟಿನಲ್ಲಿ ನಾಡಿ ಸಿಗುವುದಿಲ್ಲ. ಭಾವ ಹಿಡಿದರು, ಬೆರಳು ಸರಿಸಿದರು, ಮತ್ತೆ ಹಿಡಿದರು. ಅವರ ಮುಖ ಸುಣ್ಣದ ಗೋಡೆಯಾಯಿತು. ಎದ್ದುಹೋಗಿ ವಿಭೂತಿ ತಂದು ನನ್ನ ಹಣೆಗೆ ಬಳಿದು, "ಏನರ ಆಸಿ ಇದ್ರ ಹೇಳಲೇ ತಮ್ಮಾ" ಅಂದರು. ನಗು ತಡೆಯಲಾಗದೆ ನಾನು ಅಲುಗಿದೆ. ನಿಂಬೆಹಣ್ಣು ಜಾರಿ ಅವರ ಕಾಲ ಹತ್ತಿರ ಉರುಳಿತು. ಬೈಯಲಿಲ್ಲ. ಬೈದರೆ ಅಂಕಿ ಏರುತ್ತದಲ್ಲ! ಅಕ್ಕ ಅದೇ ನಿಂಬೆಹಣ್ಣಿನ ಪಾನಕ ಮಾಡಿ ಇಬ್ಬರಿಗೂ ಕೊಟ್ಟಳು.

ಇನ್ನೊಂದು ಚಿಂತೆ ಅವರ ಎಡಮೊಣಕಾಲಿನದು. ಸತ್ತವರನ್ನು ಪದ್ಮಾಸನ ಹಾಕಿ ಕೂಡಿಸಿ ಮಣ್ಣು ಮಾಡುವುದು ನಮ್ಮ ಮನೆತನಗಳ ಪದ್ಧತಿ. ಭಾವನ ಎಡಗಾಲು ಪೂರ್ತಿ ಮಡಚುತ್ತಿರಲಿಲ್ಲ. ಹಾಗಾಗಿ ದಿನಾ ಸಂಜೆ ಗೋಡೆಗೆ ಬೆನ್ನು ಕೊಟ್ಟು, ಎಡಗಾಲನ್ನು ಎರಡೂ ಕೈಯಿಂದ ಎಳೆದೆಳೆದು ಬಲತೊಡೆಯ ಮೇಲೆ ಹತ್ತಿಸುವ ಸಾಧನೆ! ಇದೇನು ಅಂತ ಕೇಳಿದೆ.

"ಬಗ್ಗಲಿಲ್ಲಂದ್ರ ಮುರದು ಕುಂಡ್ರಸ್ತಾರಲೇ. ಸತ್ತ ಮ್ಯಾಲೂ ಕಾಲುನೋವು ಯಾರಿಗೆ ಬೇಕು?"

ಅಕ್ಕ ಒಲೆಯ ಮುಂದಿನಿಂದಲೇ, "ಹೆಂಗೂ ಕುಂತೀರಿ, ತಾಟು ಅಲ್ಲೇ ತರ್ತೀನಿ. ಉಂಡೇ ಹೋಗ್ರಿ" ಅಂದಳು. ಭಾವ ಅವತ್ತು ಒಂದು ರೊಟ್ಟಿ ಹೆಚ್ಚೇ ಉಂಡರು.

ಮನೆಯಲ್ಲಿ ನಾಡಿ ಎಣಿಸುವ ಕ್ರಮವನ್ನೂ ಹೇಳಬೇಕು. ಮುಳ್ಳು ನೋಡುತ್ತ ಎಣಿಸಿದರೆ ಎದೆಗೆ ಗಾಬರಿಯಾಗುತ್ತದಂತೆ. ಅದಕ್ಕೇ ಗಡಿಯಾರ ಬಿಚ್ಚಿ ಅಕ್ಕನ ಕೈಗೆ ಕೊಡುವುದು, ತಾವು ಕಣ್ಣು ಮುಚ್ಚಿ ಗಟ್ಟಿಯಾಗಿ ಎಣಿಸುವುದು, ಮುಳ್ಳು ಒಂದು ಸುತ್ತು ಮುಗಿಸಿದಾಗ ಅಕ್ಕ "ಸಾಕು" ಅನ್ನುವುದು. ಮೊದಲೆಲ್ಲ ಅಂಕಿ ಎಂಬತ್ತು ದಾಟುತ್ತಿತ್ತು, ತೊಂಬತ್ತು ದಾಟುತ್ತಿತ್ತು, ಭಾವ ಹೊರಟು ನಿಲ್ಲುತ್ತಿದ್ದರು. ಆಮೇಲೆ ಏನಾಯಿತೋ, ಒಂದೆರಡು ವರ್ಷ ದಿನಾ ಎಪ್ಪತ್ತೆರಡು. ಸಾಯುವ ಮಾತೂ ನಿಂತುಹೋಯಿತು. ಮನುಷ್ಯ ಮಾತ್ರ ಬಡವಾಗುತ್ತಿದ್ದರು. ಗಿರಣಿಯಿಂದ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ಕಟ್ಟೆಯ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ಖಾರ, ಮಿರ್ಚಿ ಬಿಟ್ಟದ್ದಕ್ಕೆ ಹಾಗಾಗಿದೆ ಅಂದುಕೊಂಡೆ. ನನಗೋ ಬೇಸರ. ಭಾವ ಗುಣವಾಗಿಬಿಟ್ಟರೆ ನಾನು ಬದುಕುವುದು ಹೇಗೆ?

ಅಷ್ಟರಲ್ಲಿ ಕುರುಗೋಡಿಗೆ ಮದುವೆ ಮಾಡಿಕೊಟ್ಟ ಅಕ್ಕನ ಮಗಳಿಗೆ ಎರಡನೆಯ ಹೆರಿಗೆಯಾಯಿತು. ಅವಳ ಅತ್ತೆ ಜಾರಿಬಿದ್ದು ಹಾಸಿಗೆ ಹಿಡಿದಿದ್ದರಿಂದ ಬಾಣಂತನಕ್ಕೆ ಅಕ್ಕನೇ ಅಲ್ಲಿಗೆ ಹೋಗಬೇಕಾಯಿತು. ಗಂಡನನ್ನು ಬಿಟ್ಟು ಹೋಗಲಾರೆನೆಂದು ಅಳುತ್ತಿದ್ದವಳಿಗೆ ಧೈರ್ಯ ಹೇಳಿ, ಗಡಿಯಾರ ಹಿಡಿಯುವ ಕೆಲಸಕ್ಕೆ ನಾನು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಂದೆ. ಮರುದಿನ ಬೆಳಗ್ಗೆ ಭಾವ ಕಣ್ಣುಮುಚ್ಚಿ ಎಣಿಸಿದರು. ಮುಳ್ಳು ಒಂದು ಸುತ್ತು ಬಂದಕೂಡಲೇ ನಾನು ಸಾಕು ಅಂದೆ. ಅವರು ನೂರಾ ನಾಲ್ಕರಲ್ಲಿದ್ದರು.

ಈಗ ವಿಭೂತಿ ಬರುತ್ತದೆ, ಪದ್ಮಾಸನ ಬರುತ್ತದೆ ಅಂತ ನಾನು ಸರಿಯಾಗಿ ಕೂತುಕೊಂಡೆ. ಏನೂ ಬರಲಿಲ್ಲ. ಭಾವ ಗಡಿಯಾರ ಕಟ್ಟಿಕೊಂಡು, "ನಿಮ್ಮಕ್ಕನ ಮುಂದ ಹೇಳಬ್ಯಾಡ" ಅಂದರು. ಸ್ವಲ್ಪ ಹೊತ್ತಿಗೆ, "ಕುರುಗೋಡಿಗೆ ಹೋಗಾಣು ನಡಿ, ಮೊಮ್ಮಗನ್ನ ನೋಡಬೇಕು" ಅಂದರು. ಮೊಮ್ಮಗನ ಹೆಸರಲ್ಲಿ ಹೆಂಡತಿಯ ಹತ್ತಿರ ಓಡುತ್ತಿದ್ದಾರೆ ಅಂತ ನನಗೆ ಒಳಗೊಳಗೇ ನಗು. ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತರು. ಕಿಟಕಿಯ ಹೊರಗೆ ಕೊಯ್ದ ಗದ್ದೆಗಳು ಮುಗಿದು ಬಂಡೆಗುಡ್ಡಗಳು ಶುರುವಾದವು. ಅಂಗಿ ಬೆವರಿನಿಂದ ಒದ್ದೆಯಾಗಿ ಅವರ ಪಕ್ಕೆಲುಬು ಕಾಣುತ್ತಿತ್ತು.

ಕುರುಗೋಡಿನಲ್ಲಿ ಇಳಿದು, ಕಾಲು ತೊಳೆದು, ನೀರು ಕುಡಿದದ್ದೇ ಅಕ್ಕ ಗಡಿಯಾರಕ್ಕೆ ಕೈ ಚಾಚಿದಳು. ಭಾವ ಎಣಿಸಿದರು. ಎಪ್ಪತ್ತೆರಡಕ್ಕೆ ಸರಿಯಾಗಿ ಅಕ್ಕ "ಸಾಕು" ಅಂದಳು! ಬೆಳಗ್ಗೆ ನೂರಾ ನಾಲ್ಕು, ಬಿಸಿಲಲ್ಲಿ ಬಸ್ಸಿನಲ್ಲಿ ಕುದಿದುಬಂದಮೇಲೆ ಎಪ್ಪತ್ತೆರಡೇ? ನನ್ನಂಥವನ ಮೂಗಿಗೆ ಮೋಸದ ವಾಸನೆ ಬೇಗ ಬಡಿಯುತ್ತದೆ. ಅಡುಗೆಮನೆಯಲ್ಲಿ ಅಕ್ಕನನ್ನು ಹಿಡಿದೆ.

ಅಕ್ಕ ಬಾಣಂತಿಯ ಖಾರ ಅರೆಯುತ್ತಲೇ ಹೇಳಿದಳು. "ಮುಳ್ಳು ನೋಡಾಕ ನನಗೆಲ್ಲಿ ಬರತೈತೋ? ಮೊದಮೊದಲು ಅಂದಾಜಿನ ಮ್ಯಾಲೆ ಸಾಕು ಅಂತಿದ್ನಿ. ಹೆಚ್ಚು ಬಂದ ದಿನ ಅವರು ಉಣತಿರಲಿಲ್ಲ. ಡಾಕ್ಟರು ಎಪ್ಪತ್ತೆರಡು ಭೇಷ್ ಅಂದಾರಂತಲ್ಲ? ಹೆಂಗೂ ಬಾಯಿಬಿಟ್ಟು ಎಣಸ್ತಾರ. ಎಪ್ಪತ್ತೆರಡು ಬಂತಂದ್ರ ಸಾಕು ಅಂತೀನಿ."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಷ್ಟು ದೊಡ್ಡ ಕುಚೇಷ್ಟೆ ನನ್ನ ಅಕ್ಕನ ಮನೆಯಲ್ಲೇ, ನನಗೇ ತಿಳಿಯದಂತೆ! ಮರುದಿನ ಬೆಳಗ್ಗೆ ಎಣಿಕೆ ಮುಗಿದದ್ದೇ, ಮಗಳು ಅಳಿಯನ ಎದುರಿಗೇ ಇದನ್ನು ಒಡೆಯಬೇಕು, ಭಾವನ ಮುಖ ನೋಡಬೇಕು ಅಂತ ತೀರ್ಮಾನಿಸಿ ಮಲಗಿದೆ.

ಬೆಳಗಾಯಿತು. ಅಳಿಯ ಕಟ್ಟೆಯ ಮೇಲಿದ್ದ. ಮಗಳು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಅಕ್ಕನ ಒಂದು ಕೈಯಲ್ಲಿ ಗಡಿಯಾರ, ತೊಡೆಯ ಮೇಲೆ ಎಣ್ಣೆ ಹಚ್ಚಿದ ಕೂಸು. ಭಾವ ಕಣ್ಣುಮುಚ್ಚಿ ಶುರುಮಾಡಿದರು. ಐವತ್ತಾಯಿತು, ಅರವತ್ತಾಯಿತು. ಅಷ್ಟರಲ್ಲಿ ಕೂಸು ಅಕ್ಕನ ಬೆರಳು ಹಿಡಿದುಕೊಂಡಿತು. ಅಕ್ಕ ಗಡಿಯಾರ ಮರೆತು, ಗಂಡನನ್ನು ಮರೆತು, ಅದರೊಂದಿಗೆ ಮಾತಿಗೆ ಕೂತಳು. ಈಗ ಸಿಕ್ಕಿಬಿದ್ದಳು, ಎಪ್ಪತ್ತಮೂರು ಬಂದೇ ಬರುತ್ತದೆ ಅಂತ ನಾನು ಬಾಯಿ ತೆರೆದೆ.

"ಎಪ್ಪತ್ತೆರಡು" ಅಂದರು ಭಾವ.

ಅಲ್ಲೇ ನಿಂತರು. ಬೆರಳು ಮಣಿಕಟ್ಟಿನ ಮೇಲೇ ಇತ್ತು, ಕಣ್ಣು ಮುಚ್ಚಿಯೇ ಇತ್ತು. ಅಕ್ಕ ನೋಡಲಿಲ್ಲ. ಭಾವ ಕಾದರು. ಆಮೇಲೆ ಸ್ವಲ್ಪ ಗಟ್ಟಿಯಾಗಿ, "ಎಪ್ಪತ್ತೆರಡು" ಅಂತ ಮತ್ತೊಮ್ಮೆ ಅಂದರು.

ಅಕ್ಕ ಬೆಚ್ಚಿ, "ಸಾಕು, ಸಾಕು" ಅಂದಳು.

ನಾನು ತೆರೆದ ಬಾಯಿ ಮುಚ್ಚಿದೆ.

ಅಳಿಯ ಹೊರಗೆ ಹೋದಮೇಲೆ ನಾವಿಬ್ಬರೇ ಕಟ್ಟೆಯ ಮೇಲೆ ಕೂತೆವು. ಅಕ್ಕನಿಗೆ ಗಡಿಯಾರ ನೋಡಲು ಬರುವುದಿಲ್ಲ ಅಂತ ಅವರಿಗೆ ಗೊತ್ತೇ ಅಂತ ಕೇಳಿದೆ.

"ಮದಿವಿ ಆದಾಗಿಂದ ಗೊತ್ತೈತಿ."

ಮತ್ತೆ ಯಾಕೆ ಅನ್ನುವಷ್ಟರಲ್ಲಿ ಅವರೇ ಹೇಳಿದರು. "ತೊಂಬತ್ತು, ನೂರು ಅಂತ ಎಣಸ್ತಿದ್ನಲ್ಲ, ಅವತ್ತಿನ ರಾತ್ರಿಯೆಲ್ಲ ನನ್ನ ಮೂಗಿನ ಹತ್ರ ಕೈ ಹಿಡಕೊಂಡು ಕುಂತಿರತಿದ್ಲು, ಉಸುರು ಐತೋ ಇಲ್ಲೋ ಅಂತ. ನಾನು ನಿದ್ದಿ ಬಂದಂಗ ಮಾಡತಿದ್ದೆ. ಎಪ್ಪತ್ತೆರಡಕ್ಕ ಸಾಕು ಅನ್ನಾಕ ಹತ್ತಿದ ಮ್ಯಾಲೆ ಮಲಕ್ಕೊಳ್ತಾಳ. ಮಲಕ್ಕೊಳ್ಳಲಿ ಬಿಡು."

ಡಾಕ್ಟರನ್ನು ಮತ್ತೆ ಕಂಡಿದ್ದರೇ ಅಂತ ಕೇಳಿದೆ. ಕಂಡಿದ್ದರಂತೆ. ನನ್ನ ಮನೆಗೆ ಬಾರದೆ, ಗಿರಣಿಯ ಕೆಲಸ ಅಂತ ಹೇಳಿ, ಒಬ್ಬರೇ ಬಳ್ಳಾರಿಗೆ ಹೋಗಿಬಂದಿದ್ದರಂತೆ. ಡಾಕ್ಟರು ಏನು ಹೇಳಿದರು ಅನ್ನುವುದಕ್ಕೆ ಉತ್ತರವಾಗಿ ಭಾವ ನನ್ನ ಮುಂದೆ ಕೈ ಚಾಚಿದರು.

ಹಿಡಿದೆ. ಬೆರಳ ಕೆಳಗೆ ಅದು ಓಡುತ್ತಿತ್ತು, ಎಡವುತ್ತಿತ್ತು, ನಿಂತೇಹೋಯಿತು ಅನ್ನುವಷ್ಟರಲ್ಲಿ ಮತ್ತೆ ಓಡುತ್ತಿತ್ತು. ನಾನು ಎಣಿಸಲಿಲ್ಲ. ಬಿಡಲೂ ಇಲ್ಲ.

ಅಕ್ಕ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದು, "ಏನದು, ಇಬ್ರೂ ಕೈ ಹಿಡಕೊಂಡು ಕುಂತೀರಿ?" ಅಂದಳು.

"ಏನಿಲ್ಲಕ್ಕ" ಅಂದೆ. "ಭಾವ ನನಗ ಎಣಸಾದು ಕಲಿಸಾಕತ್ತಾರ."