ನೂರಕ್ಕೆ ತೊಂಬತ್ತೇಳು ಅಂಕದ ಆಕಾಶ

ಶಾಮಿಯಾನ ಬೇಡ ಎಂದದ್ದೇ ಲಾನ್ಸೆಲೊಟ್‌ಗೆ ಮುಳುವಾಯಿತು.

ಕೊಲ್ಲಿ ದೇಶದ ಬುದಯ್ಯ ಎಂಬ ಊರಿನ ಬಾಡಿಗೆ ತೋಟದಲ್ಲಿ ಅಂದು ಮದುಮಗ ರಾಯ್‌ಸ್ಟನ್‌ನ ರೋಸ್, ಅಂದರೆ ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ಶಾಸ್ತ್ರ. ಮದುಮಗನ ತಾಯಿ ಮಾರ್ಥಾ ಉಸ್ತುವಾರಿಯನ್ನು ಲಾನ್ಸೆಲೊಟ್‌ಗೇ ವಹಿಸಿದ್ದರು. ಎಲ್ಲ ಸುಸೂತ್ರ ನಡೆದರೆ ಮಗಳು ವೆಂಡಿಯನ್ನು ಕೊಡುವುದು, ಇಲ್ಲವಾದರೆ ಆ ಮಾತನ್ನು ಮತ್ತೆ ಎತ್ತಕೂಡದು ಎಂದು ಮೊದಲೇ ಹೇಳಿದ್ದರು.

ಲಾನ್ಸೆಲೊಟ್ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕ. ಅಳೆಯದೆ ಚಹಾಕ್ಕೆ ಸಕ್ಕರೆಯನ್ನೂ ಹಾಕದವನು. ವರ್ಷವಿಡೀ ನಾಲ್ಕು ಹವಾಮಾನ ಆ್ಯಪ್‌ಗಳನ್ನು ಆಕಾಶದೊಂದಿಗೆ ತಾಳೆ ನೋಡಿದ್ದ. ಮೂರು ಆಗಾಗ ಸುಮ್ಮನೆ ಮಳೆಯ ಹೆದರಿಕೆ ಹುಟ್ಟಿಸಿ ಅಂಕ ಕಳೆದುಕೊಂಡಿದ್ದವು. ನಾಲ್ಕನೆಯದಕ್ಕೆ ನೂರಕ್ಕೆ ತೊಂಬತ್ತೇಳು. ಅಂದೂ ಮೂರು ಮಳೆ ಎಂದವು, ನಾಲ್ಕನೆಯದು ಶುಭ್ರ ಎಂದಿತು.

ಮಧ್ಯಾಹ್ನದ ಹೊತ್ತಿಗೆ ಆಕಾಶ ಕೆಸರಿನಿಂದೆದ್ದ ಎಮ್ಮೆಯಂತೆ ತಲೆಯ ಮೇಲೇ ಬಂದು ನಿಂತಿತು. ಮಾರ್ಥಾ ಎರಡು ಸಲ ಕೇಳಿದರು. ಎರಡು ಸಲವೂ ಲಾನ್ಸೆಲೊಟ್ ಮಳೆ ಬರುವುದೇ ಇಲ್ಲ ಎಂದ. ಪಕ್ಕದ ಫ್ಲ್ಯಾಟಿನ ಜೊಕಿಮ್ ತಮ್ಮ ಮೊಣಕಾಲು ಬೇರೆಯೇ ಹೇಳುತ್ತಿದೆ ಎಂದರು.

“ನಿಮ್ಮ ಮೊಣಕಾಲು ಎಷ್ಟು ಸಲ ಸರಿ ಹೇಳಿದೆ ಅಂಕಲ್? ಲೆಕ್ಕ ಉಂಟಾ?”

“ಅದು ಬಿಡು ಮಾರಾಯ. ನಿನ್ನ ಆ ನಾಲ್ಕನೆಯದು ಯಾವತ್ತಾದ್ರೂ ಮಳೆ ಬರ್ತದೆ ಅಂತ ಹೇಳಿದ್ದುಂಟಾ?”

ಲಾನ್ಸೆಲೊಟ್ ಹುಡುಕಿದ. ಇಲ್ಲ. ವರ್ಷವಿಡೀ ಶುಭ್ರ, ಶುಭ್ರ, ಶುಭ್ರ. ಈ ಮರಳುನಾಡಿನಲ್ಲಿ ಅಷ್ಟು ಅಂಕ ಗಿಳಿಗೂ ಸಿಗುತ್ತಿತ್ತು. ಶಾಮಿಯಾನದ ನಿಝಾಮ್‌ಗೆ ಕರೆ ಮಾಡಿದರೆ, ಇದ್ದುದೆಲ್ಲ ಬೆಳಿಗ್ಗೆಯೇ ಜುಫೈರ್‌ನ ಇನ್ನೊಂದು ಸಮಾರಂಭಕ್ಕೆ ಹೋಯಿತು ಎಂಬ ಉತ್ತರ ಬಂತು. ಮೊದಲ ಹನಿ ಅವನ ಫೋನಿನ ಮೇಲೇ ಬಿತ್ತು.

ಮುಂದಿನದು ಪ್ರಳಯ. ತಟ್ಟೆಗಳಲ್ಲಿ ಇಡ್ಲಿಯಂಥ ಸಾನ್ನಾಗಳು ತೇಲಿದವು, ತೆಂಗಿನಹಾಲು ನೀರಾಯಿತು. ಲಾನ್ಸೆಲೊಟ್ ಜನರೇಟರಿನ ಹಿಂದೆ ಕುಳಿತು ಒಂಟಿ ಬಾಳಿನ ಅಭ್ಯಾಸ ಆರಂಭಿಸಿದ.

ಆದರೆ ಕೇಳಿಸಿದ್ದು ನಗು. ಮಳೆಗಾಲದ ಊರು ಬಿಟ್ಟು ಬಂದವರೆಲ್ಲ ಬರಿಗಾಲಲ್ಲಿ ಕುಣಿಯುತ್ತಿದ್ದರು. ತಲೆಯಿಂದ ನೀರಿಳಿಸಿಕೊಂಡು ಮಾರ್ಥಾ ಅವನ ಬಳಿ ಬಂದರು, ಹಿಂದೆಯೇ ವೆಂಡಿ.

“ಲಾನ್ಸಿ, ನಿಜ ಹೇಳು. ಮಳೆ ಬರ್ತದೆ ಅಂತ ನಿಂಗೆ ಗೊತ್ತಿತ್ತು ಅಲ್ವಾ? ಬೇಕಂತಲೇ ಶಾಮಿಯಾನ ಬೇಡ ಅಂದದ್ದಲ್ವಾ?”

ಆ ದನಿಯಲ್ಲಿ ಅಷ್ಟು ಬೆಲ್ಲವನ್ನು ಅವನು ಎಂದೂ ಕೇಳಿರಲಿಲ್ಲ. ಜೀವನದಲ್ಲಿ ಮೊದಲ ಸಲ ಅಳೆಯದೆ ಮಾತಾಡಿದ.

“ಗೊತ್ತಿತ್ತು ಆಂಟಿ.”

ಮಾರ್ಥಾರ ನಗು ನಿಂತಿತು. “ಗೊತ್ತಿದ್ದೂ ನನ್ನ ಮುಖ ನೋಡಿ ಇಲ್ಲ ಅಂದಿಯಾ? ಅದೂ ಎರಡು ಸಲ? ಇಷ್ಟು ಸಲೀಸಾಗಿ ಸುಳ್ಳು ಹೇಳುವವನಿಗೆ ಮಗಳನ್ನು ಕೊಡ್ಲಿಕ್ಕುಂಟಾ?”

“ಇಲ್ಲ ಆಂಟಿ, ದೇವರಾಣೆ, ನಂಗೆ ಏನೂ ಗೊತ್ತಿರಲಿಲ್ಲ.”

ವೆಂಡಿ ಕೂದಲು ಹಿಂಡಿಕೊಂಡಳು. “ನೋಡಿದ್ರಾ ಮಮ್ಮಿ, ಇನ್ನೊಂದು ಸುಳ್ಳು.”