ಹಾವಿನ ಮರಿಗೆ ನಾನು ಬಡಿಸಿದ ಮೊದಲ ಊಟ

ಇಪ್ಪತ್ತೆರಡು ವರ್ಷಗಳಿಂದ ಕುಂದಾಪುರದ ಹೋಟೆಲುಗಳಿಗೆ ಮೀನು ಹಾಕುತ್ತಿರುವವನು ನಾನು. ತಾಲೂಕಿನ ಅರ್ಧ ಜನರ ಹೊಟ್ಟೆ ತುಂಬಿಸಿದ ಕೈ ಇದು ಎಂಬ ಸಣ್ಣ ಹೆಮ್ಮೆಯೂ ಇತ್ತು. ಆದ್ದರಿಂದ ಹೆಂಡತಿ ಗಿರಿಜಾಳ ತಮ್ಮ ಸುಧಾಕರ ಮುಂಬೈಯಿಂದ ಬಂದವನು ಬೀಜಾಡಿಯ ನಮ್ಮ ಮನೆಯ ಜಗಲಿಯ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟು, "ಭಾವ, ಇದಕ್ಕೊಂದ್ ಹೊತ್ ಊಟ ಕೊಡುಕಾತ್ತಾ?" ಎಂದಾಗ, ಒಳಗೇನಿದೆ ಎಂದು ಕೇಳುವ ಮೊದಲೇ, "ಅದೆಂತ ದೊಡ್ಡ ವಿಷ್ಯ ಮಾರಾಯ" ಎಂದುಬಿಟ್ಟೆ.

ಒಳಗಿದ್ದದ್ದು ಹಾವು.

ಒಂದೂವರೆ ಗೇಣು ಉದ್ದ, ಕೇಸರಿ ಬಣ್ಣ, ವಿಷವಿಲ್ಲದ ವಿದೇಶಿ ತಳಿ. ಕಾಗದಪತ್ರಗಳೆಲ್ಲ ಸರಿ ಇವೆಯಂತೆ. ಸುಧಾಕರ ಬಿಜೂರಿಗೆ ಹೆಣ್ಣು ನೋಡಲು ಹೊರಟಿದ್ದ. ಅಲ್ಲಿಂದ ಆ ಮನೆಯವರ ಜತೆ ಕೊಲ್ಲೂರು. ಹೆಣ್ಣು ನೋಡಲು ಹೋಗುವವನು ಹಾವು ಹಿಡಿದುಕೊಂಡು ಹೋಗುವಂತಿರಲಿಲ್ಲ.

"ಕೊಂಡ್ ತಂದ್ಮೇಲೆ ಇದ್ ಒಂದ್ಸಲವೂ ತಿನ್ಲಿಲ್ಲೆ ಭಾವ. ಎರಡ್ ಸಲ ಕೊಟ್ ಕಂಡೆ. ಇನ್ನೂ ತಿಂದಿಲ್ದಿರೆ ಉಳುದ್ ಕಷ್ಟ ಅಂಬ್ರ್ ಡಾಕ್ಟ್ರ್." ಹೀಗೆ ಹೇಳುವಾಗ ಡಬ್ಬಿಯನ್ನು ಮಗುವಿನಂತೆ ಸವರಿದ. ಹೆಣ್ಣಿನ ಫೋಟೋವನ್ನು ಹಾಗೆ ಸವರಿರಲಿಲ್ಲ. ಕೂದಲು ಬಾರದ ಎರಡು ಇಲಿಮರಿಗಳನ್ನು ಐಸಿನಲ್ಲಿಟ್ಟು ಕಾಗದದಲ್ಲಿ ಸುತ್ತಿ ತಂದಿದ್ದ. ಸೋಮವಾರ ಒಂದನ್ನು ಹೊರತೆಗೆದು, ಬೆಚ್ಚಗಿನ ನೀರಿನಲ್ಲಿ ಐಸು ಬಿಡಿಸಿ, ಚಿಮುಟದಲ್ಲಿ ಹಿಡಿದು, ಮೂತಿಯ ಮುಂದೆ ಮೆಲ್ಲಗೆ ಆಡಿಸಬೇಕು. ಇಷ್ಟೇ. ಇನ್ನೊಂದು, ಮೊದಲನೆಯದು ಹಾಳಾದರೆ ಇರಲಿ ಎಂದು. ಅವನು ಇನ್ನೂ ಏನೇನೋ ಹೇಳಿದ. ಅನುಭವಸ್ಥನಾದ ನಾನು ಕೇಳಿಸಿಕೊಳ್ಳಲಿಲ್ಲ.

ಅವನ ಬಸ್ಸು ಹೊರಟ ಮೇಲೆ ಗಿರಿಜಾ ಡಬ್ಬಿಯ ಮುಂದೆ ನಿಂತು ಕೈಮುಗಿದಳು. ಬಳಿಕ ನನ್ನ ಕಡೆ ತಿರುಗಿದಳು. ಆಗ ಕೈಮುಗಿದಿರಲಿಲ್ಲ.

"ಹ್ವಾಯ್, ಇದ್ ನಮ್ಮನಿಯಂಗೆ ಸತ್ರೆ ಎಂತ ಮಾಡುದ್? ನಾಗ ಅಲ್ದಾ? ಸಂಸ್ಕಾರ ಮಾಡ್ಸ್‌ಕ್. ಭಟ್ರ್ ಹತ್ರ ಎಂತ ಅಂದೇಳಿ ಹೇಳುದ್, ಅಮೆರಿಕದ್ದ್ ಅಂದಾ?"

"ಸಾಯುದಿಲ್ಲೆ. ನಾನಿದ್ದೆ ಅಲ್ದಾ?"

"ಅದಕ್ಕೇ ಹೆದ್ರಿಕಿ."

ಅವಳ ಭಯ ನಿಜವಾದದ್ದು. ನಮ್ಮ ಕಡೆ ಗದ್ದೆಯಲ್ಲಿ ಸತ್ತ ನಾಗರಹಾವು ಕಂಡರೂ ಮನುಷ್ಯರಿಗೆ ಮಾಡುವಂತೆ ಕ್ರಿಯೆ ಮಾಡಿಸುತ್ತೇವೆ. ಇದಂತೂ ಮನೆಯೊಳಗೆ, ನಮ್ಮನ್ನೇ ನಂಬಿಕೊಂಡು, ಉಪವಾಸ ಕೂತಿದೆ. ಒಳಗೊಳಗೆ ನನಗೂ ಹೆದರಿಕೆಯಾಯಿತು, ಆದರೆ ಮೀಸೆಯ ಮೇಲೆ ಕೈಯಾಡಿಸಿ ಅದನ್ನು ಅಡಗಿಸಿಕೊಂಡೆ.

ಮೊದಲ ಅಡಚಣೆ ಸೋಮವಾರವೇ. ಸೋಮವಾರ ನಮ್ಮ ಅಡುಗೆಮನೆಗೆ ಮೀನು ಬರುವುದಿಲ್ಲ. ಮೀನೇ ಇಲ್ಲದ ದಿನ ಇಲಿ ಹೇಗೆ ಬಂದೀತು? ಹಾವಿನ ಊಟವನ್ನು ಮಂಗಳವಾರಕ್ಕೆ ಮುಂದೂಡಲಾಯಿತು. ಎರಡನೆಯ ಅಡಚಣೆ, ಇಲಿಮರಿಯ ಪೊಟ್ಟಣವನ್ನು ಫ್ರಿಜ್ಜಿನಲ್ಲಿ ಇಡಲು ಗಿರಿಜಾ ಸುತರಾಂ ಒಪ್ಪಲಿಲ್ಲ. "ಹಾಲ್ ಇಪ್ಪಲ್ಲಿ ಇಲಿ ಇಟ್ರೆ ನಾನ್ ಅಪ್ಪನ್ಮನಿಗ್ ಹೋತೆ" ಎಂದಳು. ನಾನು ತಲೆ ಓಡಿಸಿದೆ. ದಿನವೂ ಐಸು ತುಂಬುವ ನನ್ನ ಮೀನಿನ ಪೆಟ್ಟಿಗೆ ಇರುವಾಗ ಫ್ರಿಜ್ಜು ಯಾಕೆ? ಪೊಟ್ಟಣವನ್ನು ಐದು ಕಿಲೋ ಬೈಗೆ ಮೀನಿನ ನಡುವೆ ಸಿಕ್ಕಿಸಿದೆ. ಇಷ್ಟು ಸುಲಭ ಉಪಾಯ ಮುಂಬೈಯವರಿಗೆ ಹೊಳೆಯಲಿಲ್ಲವಲ್ಲ ಎಂದು ಮರುಕಪಟ್ಟೆ.

ಮಂಗಳವಾರ ಮಧ್ಯಾಹ್ನ ಮೀನು ಹಾಕಿ ಬಂದವನೇ ಕಾರ್ಯಕ್ರಮ ಪ್ರಾರಂಭಿಸಿದೆ. ಡಬ್ಬಿಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ. ಹಾವು ಡಬ್ಬಿಯೊಳಗೆ ಕವುಚಿಟ್ಟ ತೆಂಗಿನ ಚಿಪ್ಪಿನ ಕೆಳಗಿನಿಂದ ಇಷ್ಟೇ ಇಷ್ಟು ತಲೆ ಹೊರಹಾಕಿ, ನಾಲಗೆ ಚಾಚಿ, ನನ್ನನ್ನು ಪರೀಕ್ಷಿಸಿ, ಒಳಗೆ ಹೋಯಿತು. ನಾಚಿಕೆ ಎಂದುಕೊಂಡೆ. ಇಲಿಮರಿಯನ್ನು ಚಿಪ್ಪಿನ ಬಾಗಿಲಲ್ಲಿ ಆಡಿಸಿದೆ. ಬರಲಿಲ್ಲ. ಇನ್ನಷ್ಟು ಜೋರಾಗಿ ಆಡಿಸಿದೆ. ಬರಲಿಲ್ಲ. ಮಕ್ಕಳಿಗೆ ಹೇಳುವಂತೆ "ಬಾ ಮಗಾ, ಒಂದೇ ತುತ್ತ್" ಎಂದೆ. ಹಾವಿಗೆ ಕಿವಿ ಇಲ್ಲ ಎಂದು ಸುಧಾಕರ ಹೇಳಿದ್ದು ಆಗ ನೆನಪಾಯಿತು.

ಚಿಮುಟ ಬದಿಗಿಟ್ಟು ಇಲಿಮರಿಯನ್ನು ಬೆರಳಿನಲ್ಲೇ ಹಿಡಿದು ಒಳಗೆ ನೂಕಿದೆ. ಹಾವು ಬಂತು. ಇಲಿಮರಿಯನ್ನು ಬಿಟ್ಟು ನನ್ನ ಹೆಬ್ಬೆರಳನ್ನು ಹಿಡಿಯಿತು!

ನೋವಾಗಲಿಲ್ಲ. ಸೊಳ್ಳೆ ಕಚ್ಚಿದ್ದಕ್ಕಿಂತ ಕಡಿಮೆ. ಆದರೆ ಹಾವು ಕಚ್ಚಿದಾಗ ಹಾರುವ ಅಭ್ಯಾಸ ನಮ್ಮ ವಂಶದಲ್ಲಿ ತಲೆತಲಾಂತರದಿಂದ ಬಂದಿದೆ. ನಾನು ಹಾರಿದೆ. ಡಬ್ಬಿ ಬಿತ್ತು. ಹಾವು ನೆಲದ ಮೇಲೆ ಕೇಸರಿ ಗೆರೆ ಎಳೆದಂತೆ ಸರಿದು ಮಾಯವಾಯಿತು. ಬಿದ್ದ ಇಲಿಮರಿಯನ್ನು ನಮ್ಮ ಬೆಕ್ಕು ಯಾವ ಒತ್ತಾಯವೂ ಇಲ್ಲದೆ ತಿಂದು, ನಾನು ಅದನ್ನು ಹೊರಗೆ ಹಾಕಿ ಬಾಗಿಲು ಮುಚ್ಚುವಷ್ಟರಲ್ಲಿ ಮೂತಿ ನೆಕ್ಕುತ್ತಿತ್ತು.

ಗಿರಿಜಾ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ದೇವರ ಮುಂದೆ ಒಂದು ಕಾಣಿಕೆ ಎತ್ತಿಟ್ಟು, ಸೆರಗು ಸಿಕ್ಕಿಸಿ, ಹುಡುಕಲು ಬಂದಳು. ಅಕ್ಕಿ ಡಬ್ಬದ ಹಿಂದೆ, ತೆಂಗಿನಕಾಯಿ ರಾಶಿಯಡಿ, ನನ್ನ ಗಮ್‌ಬೂಟಿನೊಳಗೆ, ಎಲ್ಲ ಕಡೆ ನೋಡಿದೆವು. ಒಂದು ಗಂಟೆಯ ಬಳಿಕ ಸಿಕ್ಕಿತು. ಫ್ರಿಜ್ಜಿನ ಹಿಂದೆ, ಮೋಟಾರಿನ ಬಿಸಿಗೆ ಸುರುಳಿ ಸುತ್ತಿಕೊಂಡಿತ್ತು. ನಾನು ಕೈ ಚಾಚಿದಾಗ ಹಿಂದಕ್ಕೆ ಸರಿಯಿತು. ಗಿರಿಜಾ ಕಾಟನ್ ಪಂಚೆ ಮುಂದಿಟ್ಟಾಗ ತಾನಾಗಿ ಅದರ ಮೇಲೆ ಬಂತು.

ಕೈಯಲ್ಲಿ ಹಿಡಿದಾಗ ತೂಕವೇ ಇರಲಿಲ್ಲ. ಬೆನ್ನಿನ ಮೂಳೆ ಬೆರಳಿಗೆ ತಾಗುತ್ತಿತ್ತು. ಆಗ ನಿಜಕ್ಕೂ ಪಾಪ ಅನಿಸಿತು. ಭಟ್ಟರ ಯೋಚನೆ ಹೋಗಿ, ಈ ಬಡಪಾಯಿ ಒಂದು ತುತ್ತು ತಿಂದರೆ ಸಾಕು ಎನಿಸಿತು.

ಉಳಿದದ್ದು ಒಂದೇ ಒಂದು ಇಲಿಮರಿ. ನಾನು ಅದನ್ನು ಪೆಟ್ಟಿಗೆಯಿಂದ ತೆಗೆಯುತ್ತಿದ್ದಾಗ ಗಿರಿಜಾ ಹತ್ತಿರ ಬಂದು ಮೂಸಿದಳು.

"ಇದನ್ನ್ ಬೈಗಿ ಒಟ್ಟಿಗ್ ಇಟ್ಟದ್ದಾ?"

"ಹೌದ್. ಐಸ್ ಇತ್ತಲೆ."

"ಬೆಕ್ಕ್ ಇಲಿ ಅಂದೇಳಿ ತಿಂದದ್ದಲ್ಲ ಹ್ವಾಯ್. ಬೈಗಿ ಅಂದೇಳಿ ತಿಂದದ್ದ್. ಈ ಹಾವಿಗೆ ಮೀನ್ ಗುರ್ತ ಎಲ್ಲಿತ್ತ್? ನಿಮ್ ಕೈಯೂ ಅದೇ ವಾಸ್ನಿ. ಕೊಡಿ ಇಲ್ಲಿ."

ಫ್ರಿಜ್ಜಿಗೆ ಇಲಿ ಬೇಡವೆಂದವಳು ಅದನ್ನು ಮೂರು ಸಲ ಬೆಚ್ಚಗಿನ ನೀರಿನಲ್ಲಿ ತೊಳೆದಳು. ಒಂದು ತುಂಡು ಬಾಳೆಎಲೆ ಹರಿದು ಅದರ ಮೇಲಿಟ್ಟಳು. ಸಂಜೆ ದೀಪ ಹಚ್ಚುವ ಮೊದಲು ಎಲೆಯನ್ನು ಚಿಪ್ಪಿನ ಬಾಗಿಲಿಗೆ ಸರಿಸಿ, ಮುಚ್ಚಳ ಹಾಕಿ, ಮೇಲೆ ಬಟ್ಟೆ ಮುಚ್ಚಿದಳು.

"ಈಗ ನೀವ್ ಹೊರ್ಗ್ ಹೋಯ್ನಿ."

"ನಾನ್ ಎಂತಾರೂ ಸಹಾಯ..."

"ಅದೇ ಸಹಾಯ."

ಜಗಲಿಯಲ್ಲಿ ಕೂತೆ. ಬೆಕ್ಕು ಬಂದು ನನ್ನ ಕೈ ನೆಕ್ಕಿತು. ಊರಿನಲ್ಲಿ ನನ್ನ ಕೈ ಇಷ್ಟಪಡುವ ಜೀವ ಅದೊಂದೇ ಇರಬೇಕು. ಅರ್ಧ ಗಂಟೆಯ ಬಳಿಕ ಗಿರಿಜಾ ಬಾಗಿಲಿಗೆ ಬಂದಳು. ಖಾಲಿ ಬಾಳೆಎಲೆ ತೋರಿಸಿದಳು. ಅವಳ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಯಿತು, ಮೀನಿನ ಕೈಯಲ್ಲಿ ಒರೆಸಿಕೊಂಡದ್ದರಿಂದ ಉರಿಯಿತು ಕೂಡ.

ಅಷ್ಟರಲ್ಲಿ ಕೊಲ್ಲೂರಿನಿಂದ ಸುಧಾಕರನ ಫೋನು. "ಭಾವ, ತಿಂತಾ?"

"ತಿಂತ್. ಎಲಿ ಪೂರಾ ಖಾಲಿ."

"ನನ್ ಕೈಯಂಗೆ ಎರಡ್ ಸಲವೂ ಆಯ್ಲಿಲ್ಲೆ. ನೀವ್ ಎಂತ ಮಾಡ್ರಿ ಭಾವ?"

ಸುಳ್ಳು ಹೇಳೋಣವೆಂದರೆ ಗಿರಿಜಾ ಬಾಗಿಲಲ್ಲೇ ನಿಂತಿದ್ದಳು.

"ಎಂತ ಇಲ್ಲೆ ಮಾರಾಯ," ಎಂದೆ. "ಹೊರ್ಗ್ ಹೋಯಿ ಕೂಕಂಡೆ."