ಒಂದು ರೊಟ್ಟಿಗೆ ಕೊಂಡ ಕೂಸು

ಸರ್ಕಾರಿ ಜೀಪು ಓಡಿಸುವವನು ಸುಮ್ಮನೆ ಕೂತರೂ ಏನಾದರೊಂದು ಬಂದು ಕೊರಳಿಗೆ ಬೀಳುತ್ತದೆ. ಎಂಬತ್ತರ ದಶಕದಲ್ಲಿ ಹುನಗುಂದದಲ್ಲಿ ತಾಯಿ-ಮಕ್ಕಳ ಪೌಷ್ಟಿಕ ಆಹಾರದ ಜೀಪು ಓಡಿಸುತ್ತಿದ್ದೆ. ನನ್ನ ಕೊರಳಿಗೆ ಬಿದ್ದದ್ದು ಒಂದು ಕೂಸು.

ತೂಕ

ರಾಮಥಾಳದ ಕಡೆಯ ಹಳ್ಳಿ. ಕುರಿ ಸಾಕುವ ಮನೆ, ಬೀರಪ್ಪ ದೇವರ ಒಕ್ಕಲು. ಸೊಸೆಗೆ ಮೊದಲಿನ ಎರಡು ಕೂಸು ಉಳಿದಿರಲಿಲ್ಲ. ಮೂರನೆಯದು ಗಂಡು. ಎತ್ತಿಕೊಂಡರೆ ಖಾಲಿ ಚೀಲ. ನನ್ನ ಜೀಪಿನಲ್ಲಿ ಬಂದಿದ್ದ ನರ್ಸಮ್ಮ ತಕ್ಕಡಿ ತೂಗುಹಾಕಿದರು. ಅತ್ತೆ ಮುದುಕಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

“ತೂಗೂದು ಮಾರಾಕ. ಉಣ್ಣೆ ತೂಗತೇವಿ, ಶೇಂಗಾ ತೂಗತೇವಿ. ಕೂಸಿನ್ನ ಯಾಕ ತೂಗೂದು?”

“ತೂಗಿದ್ರ ಹಿಟ್ಟು ಕೊಡತೇವಿ ಆಯಿ. ಇಲ್ಲಂದ್ರ ಇದೂ ಉಳಿಯಂಗಿಲ್ಲ.”

ಮುದುಕಿ ನನ್ನ ಕಡೆ ತಿರುಗಿದಳು. “ಹಂಗಾರ ಮಾರೇ ಬಿಡ್ತೇನಿ.”

ಉಳಿಯದ ಕೂಸನ್ನು ಹೆಸರಿಗೆ ಬೇರೆಯವರಿಗೆ ಮಾರುವುದು ಆ ಕಡೆಯ ಪದ್ಧತಿ. ಸಾವು ಬಂದರೆ ಪರರ ಕೂಸೆಂದು ತಿರುಗಿ ಹೋಗುತ್ತದಂತೆ. ಮುದುಕಿ ನನ್ನ ಬುತ್ತಿಯಿಂದ ಒಂದು ರೊಟ್ಟಿ ತೆಗೆದುಕೊಂಡು, ಕೂಸನ್ನು ನನ್ನ ತೊಡೆಯ ಮೇಲಿಟ್ಟಳು.

“ನನಗ್ಯಾಕ ಮಾರಲಿಲ್ಲ?” ಎಂದರು ನರ್ಸಮ್ಮ.

“ನೀವು ಭಾಳ ಮಾತಾಡ್ತೀರಿ, ಅಕ್ಕಾರ. ಇಂವ ಬಾಯಿ ಬಿಡಾಂವಲ್ಲ. ಸಾವು ಬಂದು ಕೇಳಿದ್ರೂ ಹೇಳಂಗಿಲ್ಲ.”

ಹಿಟ್ಟು

ತಿಂಗಳು ಬಿಟ್ಟು ಹೋದೆವು. ಕೂಸು ಇದ್ದಷ್ಟೇ ಇತ್ತು.

“ಹಿಟ್ಟು ತಿನ್ನಿಸಿದಿ ಏನವಾ?” ನರ್ಸಮ್ಮ ಕೇಳಿದರು. ಸೊಸೆ ಅತ್ತೆಯ ಮುಖ ನೋಡಿದಳು.

“ಪ್ಯಾಟಿ ಹಿಟ್ಟು, ಯಾರು ನಂಬತಾರ?” ಎಂದಳು ಮುದುಕಿ. “ಮೊದಲ ಕುರಿಮರಿಗೆ ಹಾಕಿ ನೋಡಿದೆ.”

“ತಿಂಗಳತನಕ ನೋಡೂದಾ?”

“ರುಚಿ ಹತ್ತಿದ ಮ್ಯಾಲ ಮರಿ ಬಿಡಲಿಲ್ಲ. ನಾ ಏನ ಮಾಡಲಿ?”

ನರ್ಸಮ್ಮ ಅಲ್ಲೇ ಒಲೆಯ ಮುಂದೆ ಕೂತು ಗಂಜಿ ಕಾಸಿ ತಾವೇ ತಿನ್ನಿಸಿದರು. ಕೂಸು ಬೆರಳನ್ನೂ ಬಿಡದೆ ನೆಕ್ಕಿತು. ಮುದುಕಿಗೆ ಸ್ವಲ್ಪ ಕೆಟ್ಟದೆನಿಸಿರಬೇಕು.

“ಈ ಸಲ ಬೇಕಾದ್ರ ಮರಿ ತೂಗ್ರಿ, ಅಕ್ಕಾರ. ತೂಕ ಬರೋಬರಿ ಬರತೈತಿ.”

ಭತ್ಯೆ

ಹೊಲದ ಕೂಲಿಗೆ ಹೋಗುವ ಬಾಣಂತಿಯರಿಗೆ ಸರ್ಕಾರ ಒಂದಿಷ್ಟು ಹಣ ಕೊಡುತ್ತಿತ್ತು. ಕೂಸಿಗೆ ಹಾಲು ಸಿಗಬೇಕಾದರೆ ತಾಯಿಯೂ ಉಣ್ಣಬೇಕು. ಅತ್ತೆ, ಸೊಸೆ, ಕೂಸು ಮೂವರನ್ನೂ ಹುನಗುಂದದ ಕಚೇರಿಗೆ ಕರೆತಂದೆ.

“ಈ ಕೂಸು ನಿಂದೇನವಾ?” ಕಾರಕೂನ ಕೇಳಿದ.

ಹೌದೆಂದರೆ ಸಾವಿಗೆ ಕೇಳಿಸೀತೆಂದು ಮುದುಕಿಗೆ ಅಂಜಿಕೆ. ಸೊಸೆ ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು: “ಅಲ್ಲರಿ. ಮಾರೇವಿ.”

ಕಾರಕೂನನ ಪೆನ್ನು ನಿಂತಿತು. “ಮಾರೀರಿ? ಯಾರಿಗೆ?”

ಮುದುಕಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ತೋರಿಸಿದಳು.

ಕಾರಕೂನ ಕನ್ನಡಕ ತೆಗೆದ. “ಲೇ, ಮನ್ಯಾಗ ನಾಲ್ಕು ಅದಾವಲ್ಲೋ! ಸಾಲಲಿಲ್ಲೇನು?”

ನರ್ಸಮ್ಮ ಬಂದು ಬಿಡಿಸಿ ಹೇಳಿದ ಮೇಲೆ ಹಣ ಮಂಜೂರಾಯಿತು. ಕಾರಕೂನ ಮಾತ್ರ ಕಂಡಾಗಲೆಲ್ಲ ನನ್ನ ಐದನೆಯವನ ಯೋಗಕ್ಷೇಮ ಕೇಳುತ್ತಿದ್ದ.

ಬಿಡುಗಡೆ

ಕೂಸು ಮೈ ತುಂಬಿಕೊಂಡಿತು, ನಡೆಯತೊಡಗಿತು. ಇನ್ನು ಭಯವಿಲ್ಲವೆಂದು ಮುದುಕಿ ಅದನ್ನು ಬಿಡಿಸಿಕೊಳ್ಳಲು ಹೊಸ ಟವೆಲ್ಲು ತಂದಳು. ಹುಡುಗ ನನ್ನ ಕಾಲು ಹಿಡಿದು ನಿಂತಿದ್ದ.

“ತಗೋ ತಮ್ಮಾ. ನಮ್ಮ ಹುಡುಗನ್ನ ನಮಗ ಕೊಡು.”

ನನಗೆ ಚೇಷ್ಟೆಯ ಅಭ್ಯಾಸವಿಲ್ಲ. ಅಂದು ಮಾಡಿದೆ.

“ಕೊಡಂಗಿಲ್ಲ. ಕೊಂಡೇನಿ.”

ಸೊಸೆಯ ಮುಖ ಸಪ್ಪಗಾಯಿತು. ಊರವರ ಕುರಿಗಳನ್ನೆಲ್ಲ ತನ್ನ ಹಿಂಡಿನಲ್ಲಿ ಕೂಲಿಗೆ ಮೇಯಿಸಿದ ಮುದುಕಿ ಮಾತ್ರ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ಕೂತಳು.

“ಆತಪಾ, ನಿಂದೇ. ಮಾಲಕ ನೀ. ಇಷ್ಟು ದಿನ ಮೇಯಿಸಿದಾಕಿ ನಾ. ಮೇಯಿಸಿದ ಕೂಲಿ ಇಡು, ಹೊಡಕೊಂಡು ಹೋಗು.”

ನಾನು ಟವೆಲ್ಲು ತೆಗೆದುಕೊಂಡೆ.